ಸತ್ತವನಿಗೆ ಆಯೇರ

ಸಿಂದಗಿಯಲ್ಲಿ ನಾಟಕ ಕಲಿಸುವಾಗ ನನ್ನದೊಂದೇ ಗದರಿಕೆ: ರಂಗದ ಮೇಲೆ ಸತ್ತವರು ಪರದೆ ಬೀಳುವವರೆಗೆ ಮಿಸುಕಬಾರದು. ನಮ್ಮ ಕಡೆ ಆಟದ ನಡುವೆಯೇ ಜನ ರಂಗ ಹತ್ತಿ, ಮೆಚ್ಚಿದ ನಟರಿಗೆ ಶಾಲು ಹೊದಿಸಿ, ತಲೆಗೆ ಪಟಗ ಸುತ್ತಿ ಆಯೇರ ಮಾಡುತ್ತಾರೆ. ಆ ಹಾವಳಿ ಕಂಡರೆ ನನಗೆ ಮೈಯೆಲ್ಲ ಉರಿ.

ಹೆಂಡತಿಯ ತವರು ಯಂಕಂಚಿಯಲ್ಲಿ ಒಮ್ಮೆ ನಾನೇ ಮುದಿ ದೊರೆಯಾಗಿ ಸತ್ತು ಬಿದ್ದಿದ್ದೆ. ಮಗಳ ಪಾತ್ರದ ಶಿಷ್ಯೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಅಷ್ಟರಲ್ಲಿ ನಮ್ಮತ್ತೆ ಶಾಲು ಹಿಡಿದು ಬಂದೇಬಿಟ್ಟರು.

"ಅಳಿಯಾರ, ಮಲಗಿದವ್ರ ಮ್ಯಾಲ ಹೊಸಾ ಅರಿವಿ ಹಾಕಬಾರ್ದು. ಏಳ್ರಿ!"

ಎದ್ದೆ, ಶಾಲು ಹೊದಿಸಿಕೊಂಡೆ, ಅವರ ಕಾಲಿಗೆರಗಿ ಮತ್ತೆ ಸತ್ತೆ. ಊರೆಲ್ಲ ಚಪ್ಪಾಳೆ.

ಮರುದಿನ ತರಗತಿಯಲ್ಲಿ ಅದೇ ಶಿಷ್ಯೆ ವಹಿ ತೆರೆದು, ನಗು ತಡೆದು ಕೇಳಿದಳು: "ಸರ್, ಅತ್ತಿ ಬಂದಾಗ ಸತ್ತವ್ರು ಏಳಬೇಕು ಅಂತ ಬರಕೊಳ್ಳಲೇನ್ರಿ?"