ಬೀಗರಿಗೂ ಬೀಗ

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಬೀಗದಮ್ಮ ಎನ್ನುತ್ತಿದ್ದರು. ಕಂಪ್ಯೂಟರುಗಳಿಗೆ ಬೀಗ ಹಾಕಿ ಕಾಯುವುದು ಅವಳ ಕೆಲಸ ಎಂಬುದು ಒಂದು ಕಾರಣ. ಮಗಳನ್ನು ಲ್ಯಾಬಿನ ಯಜಮಾನರ ಮಗನಿಗೆ ಕೊಟ್ಟು ಅವರಿಗೆ ಬೀಗಿತ್ತಿಯಾಗಿದ್ದಳು ಎಂಬುದು ಇನ್ನೊಂದು. ತಮಾಷೆ ಮಾಡುವವರಿಗೆ ಇನ್ನೇನು ಬೇಕು?

ಸ್ಟೋರ್ ರೂಮಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಸರ್ವರ್ ಇತ್ತು. ಅದರೊಳಗೆ ಅವಳೇ ಕೂಡಿಸಿದ ಆಟೊಮೇಷನ್. ಯಂತ್ರದಿಂದ ಫಲಿತಾಂಶ ಬಂದ ಕೂಡಲೇ ಅದು ರಿಪೋರ್ಟ್ ತಯಾರಿಸಿ, ಡಾಕ್ಟರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಆಯಾ ರೋಗಿಯ ಮೊಬೈಲಿಗೆ ಮಾತ್ರ ಕಳಿಸುತ್ತಿತ್ತು. ಹೊರಗಿನ ಕಂಪನಿಗೆ ಒಪ್ಪಿಸೋಣ ಎಂದವರ ಬಾಯಿ ಮುಚ್ಚಿಸಿ ಲ್ಯಾಬಿನೊಳಗೇ ಇಟ್ಟುಕೊಂಡಿದ್ದಳು. ಅದನ್ನು ಒಳಗಿಂದಲೇ ತೆರೆಯಬೇಕು, ಪಾಸ್‌ವರ್ಡ್ ಕೊಡಬೇಕು, ಅದರ ಮೇಲೆ ಒಟಿಪಿ ಬೇರೆ. ಜನ ಗೊಣಗುತ್ತಿದ್ದರು. ಗೊಣಗಲಿ! ಒಬ್ಬರ ರಕ್ತದ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬುದು ಅವಳ ಹಟ.

ಅಂಥವಳಿಗೆ ಹೆತ್ತ ಮಗಳೇ ಚಾಡಿಕೋರಿಯ ಪಟ್ಟ ಕಟ್ಟಿದ್ದಳು. ಎರಡು ಸಲ ಗರ್ಭ ನಿಲ್ಲದೆ ನೊಂದಿದ್ದ ಹುಡುಗಿ ಈ ಸಲ ಗಂಡನಿಗೂ ಬಾಯಿಬಿಡದೆ, ಅಮ್ಮನ ಬೀಗ ನಂಬಿ ಇಲ್ಲಿಗೇ ಬಂದು ಪರೀಕ್ಷೆ ಮಾಡಿಸಿಕೊಂಡು, ಬಸಿರಾಗಿರುವುದನ್ನು ಅಮ್ಮನಿಗೊಬ್ಬಳಿಗೆ ಹೇಳಿದ್ದಳು. ಮರುದಿನ ಊಟದ ಮೇಜಿನಲ್ಲಿ, ನೆಂಟರೆದುರು, ಮಾವ ಸುದ್ದಿಯನ್ನು ಡಂಗುರ ಸಾರಿಬಿಟ್ಟರು.

"ಒಂದು ಮಾತು ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ವಾ ನಿನ್ಗೆ?" ಎಂದು ಫೋನ್ ಇಟ್ಟ ಮಗಳು ಆಮೇಲೆ ಅಮ್ಮನ ಕರೆ ಎತ್ತಲೇ ಇಲ್ಲ.

ಅಪ್‌ಡೇಟ್ ಮಾಡೋಣವೆಂದು ಎರಡು ದಿನದ ಮೇಲೆ ಬೆಳಿಗ್ಗೆ ಸರ್ವರ್ ಮುಂದೆ ಕೂತವಳ ಮೈಯೆಲ್ಲ ಉರಿದುಹೋಯಿತು. ಸರ್ವರಿನ ಬಾಗಿಲು ಇಡೀ ಇಂಟರ್ನೆಟ್ಟಿಗೆ ಹಾರುಹೊಡೆದಿತ್ತು. ಒಟಿಪಿ ಮಂಗಮಾಯ. ಎಲ್ಲೆಲ್ಲಿಯವರೋ ಪಾಸ್‌ವರ್ಡ್ ಊಹಿಸಿ ಊಹಿಸಿ ಬಾಗಿಲು ತಟ್ಟಿ ಹೋಗಿದ್ದರು. ಪುಣ್ಯಕ್ಕೆ ಒಬ್ಬನೂ ಒಳಗೆ ಬಂದಿರಲಿಲ್ಲ. ಮೊದಲು ಹೊರದಾರಿ ಮುಚ್ಚಿದಳು. ಆಮೇಲೆ ರಿಪೋರ್ಟ್ ಕಳಿಸುವ ಕೆಲಸದ ಸರಪಳಿಯನ್ನು ಪರದೆಯ ಮೇಲೆ ಬಿಚ್ಚಿ ನೋಡಿದಳು, ಒಂದೊಂದು ಹಂತಕ್ಕೆ ಒಂದೊಂದು ಚೌಕ. ತುದಿಯಲ್ಲಿ ಅವಳು ಹಾಕದ ಒಂದು ಪುಟ್ಟ ಚೌಕ ಕೂತಿತ್ತು. ಪ್ರತಿ ರಿಪೋರ್ಟಿನ ಒಂದು ನಕಲು ಯಜಮಾನರ ಮೊಬೈಲಿಗೆ! ಅದನ್ನು ಸೇರಿಸಿದ್ದು ಮಗಳು ಪರೀಕ್ಷೆಗೆ ಬರುವುದಕ್ಕೆ ಸ್ವಲ್ಪ ಮುಂಚೆ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಯಜಮಾನರ ಕೋಣೆಗೆ ನುಗ್ಗಿದಳು.

"ಬೀಗ ತೆಗೆಸಿದ್ದು ಯಾರು?"

"ನಾನೇ, ಗೊತ್ತಿರೋರ ಕೈಲಿ ತೆಗೆಸ್ದೆ," ಎಂದರು ಅವರು, ಕುರ್ಚಿಯಲ್ಲಿ ಒರಗಿಕೊಂಡೇ. "ಮನೆಯಿಂದ ನೋಡೋಕೆ ಎಷ್ಟು ತಾಪತ್ರಯ! ನನ್ನ ಲ್ಯಾಬು, ನನಗೇ ಬೀಗವಾ ಬೀಗಿತ್ತಿಯವರೇ?"

"ಲ್ಯಾಬು ನಿಮ್ದು. ಜನರ ರಿಪೋರ್ಟೂ ನಿಮ್ದಾ?"

"ಸೊಸೆ ಹೊರಗಿನವಳಾ? ಮನೆ ಸುದ್ದಿ ಮನೇಲಿ ಹೇಳಿದ್ರೆ ಏನು ಗಂಟು ಹೋಯ್ತು?"

"ನಾನು ಹೇಳಿದ್ದು ಅಂತ ಅವಳು ನನ್ನ ಉಗೀವಾಗ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ!"

ಯಜಮಾನರು ಕೆಮ್ಮಿದರು. ಆಮೇಲೆ ದನಿ ತಗ್ಗಿಸಿ, "ಸಂಜೆಯೊಳಗೆ ನಾನು ಮಾಡಿಸಿದ ಹಾಗೇ ಇರ್ಬೇಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊಳ್ಳಿ. ನಿಮ್ಮ ಮಗಳು ನಮ್ಮ ಮನೇಲಿದ್ದಾಳೆ, ಅದೂ ನೆನಪಿರ್ಲಿ," ಎಂದರು.

ಎಂಥ ನೀಚ ಮಾತು! ಅವಳು ಹೋಗಿ ಸರ್ವರ್ ಮುಂದೆ ಕೂತು ಆ ಚೌಕವನ್ನು ಅಳಿಸಿದಳು. ಇದ್ದಬದ್ದ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದಳು. ಒಟಿಪಿಯನ್ನು ಮತ್ತೆ ಹಾಕಿದಳು, ಯಜಮಾನರ ಹೆಸರಿಗೂ ಸೇರಿಸಿ. ಮುಗಿಸಿದ ಮೇಲೆ ಭಯವಾಯಿತು. ಕೆಲಸ ಹೋದರೆ ಹೋಗಲಿ, ಮಗಳು ಆ ಮನೆಯಲ್ಲಿ ಬಾಳಬೇಕಲ್ಲ? ಮತ್ತೆ ತೆರೆದುಬಿಡಲೇ ಎಂದು ಕೀಬೋರ್ಡಿನ ಮೇಲೆ ಕೈಯನ್ನೂ ಇಟ್ಟಳು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಮಗಳು!

"ಮಾವ ಫೋನ್ ಮಾಡಿದ್ರು. 'ರಿಪೋರ್ಟೆಲ್ಲ ನನ್ನ ಮೊಬೈಲಿಗೆ ಬರ್ತಿತ್ತು, ನಿಮ್ಮಮ್ಮ ನಿಲ್ಲಿಸಿದ್ದಾರೆ, ಸ್ವಲ್ಪ ಬುದ್ಧಿ ಹೇಳು' ಅಂದ್ರು." ಆಮೇಲೆ ಮಗಳೇ ಕೇಳಿದಳು: "ಎಲ್ಲರದ್ದೂ ಬರ್ತಿತ್ತಾ ಅಮ್ಮಾ? ನನ್ನದೂ?"

"ಹೂಂ."

"ಹಾಗಿದ್ರೆ ಬೀಗ ತೆಗೀಬೇಡ," ಎಂದಳು ಮಗಳು. "ನಾನು ಅಲ್ಲಿಗೇ ಬರ್ತಾ ಇದೀನಿ."