ಹುಳ ಮೇಯಿಸುವ ಮನೆಗೆ ನಾಯಿ ಬಂದದ್ದು

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಮರಿಯನ್ನು ಮನೆಗೆ ತಂದ ದಿನ ತುಂತುರು ಬೀಳುತ್ತಿತ್ತು ಎಂದು ನನ್ನ ದಿನಚರಿಯಲ್ಲಿದೆ. ನನ್ನ ನೆನಪಿನಲ್ಲಿರುವುದು ಕಣ್ಣು ಬಿಡಲಾಗದಂಥ ಬಿಸಿಲು. ನನ್ನ ಗಂಡನನ್ನು ಕೇಳಿದರೆ, ಬರೀ ಮೋಡ ಇತ್ತು ಅನ್ನುತ್ತಾರೆ. ಬಿಸಿಲು ಮಳೆಯ ವಿಷಯದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಭಾನುವಾರದ ಬೆಳಿಗ್ಗೆ ನಾನು ಅತ್ತೆಗೆ ಒಂದು ಮಾತು ಹೇಳಿದೆನೋ ಇಲ್ಲವೋ ಎನ್ನುವುದು ಹಾಗಲ್ಲ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಗಂಡ ಕುಡುಮಲಕುಂಟೆಯ ಕಾರ್ಖಾನೆಗೆ ಹೋಗುತ್ತಾರೆ, ಅತ್ತೆ ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆ ಹುಳ ಮೇಯಿಸುತ್ತಾರೆ. ಹುಳದ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ಹುಳ ಇರುವಷ್ಟು ದಿನ, ಅವುಗಳಿಗೆ ಹಾನಿಯೆಂದು, ನಮ್ಮಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ, ಪೌಡರ್ ಹಾಕಿಕೊಂಡು ನಾನು ಆ ಬಾಗಿಲ ಹತ್ತಿರವೂ ಹೋಗುವುದಿಲ್ಲ.

ದಿಕ್ಕಿಲ್ಲದ ನಾಯಿಗಳನ್ನು ಸಾಕಿ, ಬೇಕೆಂದವರಿಗೆ ಕೊಡುವ ಗುಂಪೊಂದು ಚಿಕ್ಕಬಳ್ಳಾಪುರದ ಹೊರಗಿದೆ. ಬೆಟ್ಟದ ದಾರಿಯ ಮೈಲಿಗಲ್ಲಿಗೆ ಯಾರೋ ಕಟ್ಟಿಹೋಗಿದ್ದ ಗ್ರೇಟ್ ಡೇನ್ ಮರಿಯ ಫೋಟೋವನ್ನು ಅವರು ವಾಟ್ಸಾಪಿನಲ್ಲಿ ಹಾಕಿದ್ದರು. ನಾಲ್ಕು ತಿಂಗಳ ಮರಿ. ಪಾದಗಳು ಮಾತ್ರ ಮೊದಲೇ ಬೆಳೆದು ಮುಗಿದು, ಮಿಕ್ಕ ಮೈ ಬರಲಿ ಎಂದು ಕಾಯುತ್ತಿದ್ದಂತಿದ್ದವು. ನೋಡಲು ಹೋದವಳು ಬೇಕು ಎಂದು ಹೇಳಿಯೇ ಬಂದೆ.

ಹಾಗೆಲ್ಲ ಸುಮ್ಮನೆ ಕೊಡುವುದಿಲ್ಲ ಅವರು. ಗುಂಪಿನ ಹುಡುಗಿಯೊಬ್ಬಳು ಕಾಗದ ಹಿಡಿದು ಮನೆ ನೋಡಲು ಬಂದಳು. ಕಾಂಪೌಂಡ್ ಗೋಡೆಗೆ ಟೇಪು ಹಿಡಿದು ಅಳೆದಳು.

"ಹಗಲೊತ್ತು ಮನೇಲಿ ಯಾರಿರ್ತಾರೆ ಆಂಟಿ?"

"ನಾನಿರ್ತೀನಿ, ಹಸ ಇರ್ತದೆ, ಹುಳ ಇರ್ತವೆ," ಅಂದರು ಅತ್ತೆ.

"ಕಟ್ಟಿ ಹಾಕ್ತೀರಾ?"

"ಯಾರ್ನ, ನನ್ನಾ?"

ಹುಡುಗಿ ನಗುತ್ತಲೇ ಮುಂದಿನ ಪುಟ ತಿರುವಿದಳು. ಅತ್ತೆಗೆ ತಡೆಯಲಾಗಲಿಲ್ಲ. "ಈ ಸೊಸೇನ ನೋಡಕ್ಕೆ ಹೋದಾಗ್ಲೂ ನಾವು ಇಷ್ಟು ಕೇಳ್ಲಿಲ್ಲ ಕಣಮ್ಮ. ಕೇಳಿದ್ರೆ ಚೆನ್ನಾಗಿರ್ತಿತ್ತೇನೋ."

ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡದೆ ಗುಂಪಿಗೇ ವಾಪಸ್ ಮಾಡುತ್ತೇವೆ ಎಂದು ನಾನು ಸಹಿ ಹಾಕಿದೆ. ಅವಳು ಹೋದ ಮೇಲೆ ಅತ್ತೆ ತಮ್ಮ ಷರತ್ತು ಹೇಳಿದರು. "ಹುಳದ ಮನೆ ಕಡೆ ಅದರ ಬಾಲಾನೂ ಸುಳೀಬಾರ್ದು. ನಾನಂತೂ ಮುಟ್ಟಲ್ಲ. ನಾಯಿ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಕ್ಕಾಗಲ್ಲ."

ಅವರು ಮುಟ್ಟಿದ್ದನ್ನು ನಾನು ನೋಡಲೂ ಇಲ್ಲ. ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಮರಿ ಗೇಟಿನ ಬಳಿ ಮಲಗಿರುತ್ತಿತ್ತು, ಅತ್ತೆ ಹುಳದ ಮನೆಯೊಳಗೆ ಸೊಪ್ಪು ಹಾಕುತ್ತಿರುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು, "ಇದು ನಾಯೀನಾ ಕರೂನಾ?" ಎಂದು ಕೇಳಿದರೆ, "ಹಾಲು ಕೊಟ್ಟ ದಿನ ಹೇಳ್ತೀನಿ, ಹೋಗಪ್ಪ," ಎಂದು ಒಳಗಿಂದಲೇ ಕೂಗುತ್ತಿದ್ದರು.

ಮರಿಗೆ ರಕ್ತ ಹೀರುವ ಉಣ್ಣೆ ಹತ್ತಿತು. ಗುಂಪಿನ ಡಾಕ್ಟರು ಕತ್ತಿನ ಹಿಂದೆ ಹನಿ ಬಿಡುವ ಔಷಧಿ ಕೊಟ್ಟರು. ಒಂದು ಭಾನುವಾರ ಬೆಳಿಗ್ಗೆ ಬಿಟ್ಟೆ. ಒಣಗುವ ತನಕ ಮುಟ್ಟಬಾರದು, ಮೀನಿಗೆ ಹಾನಿ ಎಂದು ಚೀಟಿಯಲ್ಲಿತ್ತು. ರೇಷ್ಮೆ ಹುಳದ ಮಾತಿರಲಿಲ್ಲ. ಉಣ್ಣೆಯನ್ನು ಕೊಲ್ಲುವುದು ಹುಳವನ್ನು ಬಿಟ್ಟೀತೆ? ಸೊಳ್ಳೆಬತ್ತಿ ಹಚ್ಚದ ಮನೆಯವಳಿಗೆ ಅದನ್ನು ಚೀಟಿ ಹೇಳಬೇಕಿತ್ತೆ?

ಅಡುಗೆಮನೆಯ ಕಿಟಕಿಯಿಂದ ನಾನು, "ಅತ್ತೆ, ಮರಿಗೆ ಔಷಧಿ ಹಾಕಿದೀನಿ, ಎರಡು ದಿನ ಮುಟ್ಬೇಡಿ," ಅಂದೆ. ಆ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ಹಾಗೆ ಸ್ಪಷ್ಟವಾಗಿರುವುದೇ ನನಗೆ ಅನುಮಾನ. ಹೇಳಬೇಕಿದ್ದ ಮಾತನ್ನು ಮನಸ್ಸು ಆಮೇಲೆ ಎಷ್ಟು ಸಲ ಹೇಳಿಕೊಂಡಿದೆಯೋ. ಅಲ್ಲದೆ, ಮುಟ್ಟುವುದೇ ಇಲ್ಲ ಅನ್ನುವವರಿಗೆ ಮುಟ್ಟಬೇಡಿ ಎಂದು ನಾನೇಕೆ ಹೇಳಿಯೇನು?

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದು ಹುಳಗಳು ಹಗಲು ರಾತ್ರಿ ತಿನ್ನುತ್ತಿದ್ದ ಕಾಲ ಅದು. ಸೋಮವಾರ ಬೆಳಿಗ್ಗೆ, ಹುಳ ಹರಡುವ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನಲ್ಲಿ ಅವು ತಿನ್ನುವುದನ್ನು ಬಿಟ್ಟಿದ್ದವು. ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು, ಬಾಯಿಂದ ಹಸಿರು ನೀರು. ಮಧ್ಯಾಹ್ನದ ಹೊತ್ತಿಗೆ ಆ ಅಂತಸ್ತಿನ ಹುಳವನ್ನೆಲ್ಲ ತೋಟದಾಚೆ ಗುಂಡಿಗೆ ಸುರಿದು ಸುಣ್ಣ ಹಾಕಿದೆವು. ಅತ್ತೆ ಖಾಲಿ ಅಂತಸ್ತನ್ನು ಉಜ್ಜಿ ಒರೆಸಿದರು.

"ನಾಯಿ ಔಷಧಿ ನಿನ್ನ ಕೈಯಿಂದ್ಲೇ ಹತ್ತಿರ್ಬೇಕು," ಅಂದರು ನನ್ನ ಗಂಡ ನನಗೆ. "ನಾಯಿ ವಾಪಸ್ ಹೋಗ್ಲಿ."

ನನಗೂ ಹಾಗೇ ಅನ್ನಿಸಿತ್ತು. ಹಿಂದಿನ ಸಂಜೆ ಸೊಪ್ಪಿನ ಹೊರೆಯನ್ನು ಹುಳದ ಮನೆಯ ಬಾಗಿಲಿಗೆ ತಂದಿಟ್ಟವಳು ನಾನು. ಕೈ ತೊಳೆದಿದ್ದೆನೆ? ನೆನಪಿಲ್ಲ. ಗುಂಪಿಗೆ ಫೋನ್ ಮಾಡಿದೆ. ಹುಡುಗಿ ಬೈದಿದ್ದರೆ ಹಗುರವಾಗುತ್ತಿತ್ತು. "ಆಗ್ಲಿ ಮೇಡಂ, ನಾಳಿದ್ದು ಬೆಳಿಗ್ಗೆ ಬರ್ತೀವಿ," ಎಂದಷ್ಟೇ ಅಂದಳು. ಆ ಎರಡು ದಿನ ನಾನು ಮರಿಯ ಮುಖ ನೋಡದೆ ಅನ್ನ ಇಟ್ಟೆ. ಅದು ಎಂದಿನಂತೆ ತಟ್ಟೆಯನ್ನು ಅಂಗಳದ ತುಂಬ ದೂಡಿಕೊಂಡು ಹೋಗಿ ನೆಕ್ಕಿತು.

ವ್ಯಾನು ಬಂತು. ಮರಿಯ ಕಂಬಳಿ ಮಡಿಸಿ ಹುಡುಗಿಯ ಕೈಗೆ ಕೊಡುತ್ತಿದ್ದೆ. ಅತ್ತೆ ಕುಡುಗೋಲು ಹಿಡಿದು ತೋಟದಿಂದ ಬಂದವರು ಗೇಟಿಗೆ ಅಡ್ಡ ನಿಂತರು.

"ಎಲ್ಲಿಗೆ ಕರ್ಕೊಂಡೋಗ್ತೀಯಮ್ಮ? ಅದೇನೂ ಮಾಡಿಲ್ಲ. ಅಂಚಿನ ಸಾಲಿನ ಸೊಪ್ಪು ಕೊಯ್ದುಬಿಟ್ಟಿದ್ದೆ ನಾನು. ಪಕ್ಕದ ದ್ರಾಕ್ಷಿಗೆ ಔಷಧಿ ಹೊಡೆದಿದ್ರು. ಮರ್ತೋಯ್ತು."

"ನೀನು ಮರೆಯೋದಾ?" ಅಂದರು ನನ್ನ ಗಂಡ.

"ಯಾಕೆ, ನನಗೆ ವಯಸ್ಸಾಗ್ಬಾರ್ದೇನೋ?"

ನಾನು ಈ ಮನೆಗೆ ಬಂದಾಗಿನಿಂದ ಅಂಚಿನ ಸಾಲಿನ ಸೊಪ್ಪು ಹುಳಕ್ಕೆ ಹೋಗಿದ್ದನ್ನು ನೋಡಿಲ್ಲ. ಹುಡುಗಿ ಕಂಬಳಿಯನ್ನು ನನ್ನ ಕೈಗೇ ವಾಪಸ್ಸಿಟ್ಟಳು. ಮರಿ ಉಳಿಯಿತು.

ಕೆಲವು ವಾರಗಳ ನಂತರ ಪರೀಕ್ಷೆ ಬೇಗ ಮುಗಿದು ಮೂರು ಗಂಟೆಗೇ ಮನೆಗೆ ಬಂದೆ. ಅತ್ತೆ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಮರಿಯ ಅಷ್ಟು ದೊಡ್ಡ ತಲೆ ಅವರ ಮಡಿಲಲ್ಲಿತ್ತು. ಎರಡೂ ಕೈಯಿಂದ ಅದರ ಕತ್ತಿನ ಹಿಂದೆ ತಿಕ್ಕುತ್ತ, "ತಿಂಟಿವಾ ನಾಯನಾ, ತಿಂಟಿವಾ?" ಎಂದು ಕೇಳುತ್ತಿದ್ದರು. ಅತ್ತೆಯ ತವರು ಮುರುಗಮಲ್ಲದ ಕಡೆ. ಜನರ ಜೊತೆ ಕನ್ನಡ, ಹಸುವಿನ ಜೊತೆ ಮಾತ್ರ ತೆಲುಗು. ತಿಂದೆಯಾ ಮಗನೇ ಎಂದು ಈಗ ಮರಿಯನ್ನೂ ಅದರಲ್ಲೇ ಕೇಳುತ್ತಿದ್ದರು. "ಲೇ ನಾಯನಾ," ಎಂದು ಏಳಲು ಹೇಳಿದರು. ಮರಿ ಎದ್ದು ನಿಂತಿತು. ನಾನು ಕಲಿಸಿದ ಒಂದು ಮಾತನ್ನೂ ಅದು ಅಷ್ಟು ಬೇಗ ಕೇಳಿದ್ದಿಲ್ಲ. ಇದು ನಿನ್ನೆ ಮೊನ್ನೆಯ ಅಭ್ಯಾಸವಲ್ಲ ಎಂದು ಆಗ ಹೊಳೆಯಿತು. ಸಂಜೆ ಸೊಪ್ಪು ಹಾಕುವ ಮುಂಚೆ, ನಾನು ಬಸ್ಸಿಳಿಯುವ ಮುಂಚೆ, ದಿನವೂ ಇಲ್ಲಿ ಹೀಗೇ ನಡೆಯುತ್ತಿತ್ತೇನೋ. ಆ ಭಾನುವಾರವೂ ನಾನು ಮಧ್ಯಾಹ್ನ ಮಲಗಿದ್ದೆ.

ನನ್ನನ್ನು ಕಂಡು ಅತ್ತೆ ಕೈ ತೆಗೆದರು. "ಉಣ್ಣೆ ಐತೇನೋ ಅಂತ ನೋಡ್ತಿದ್ದೆ." ಮೊಣಕೈವರೆಗೂ ಸೋಪು ಹಾಕಿ ತೊಳೆದು, ಸೀರೆ ಬದಲಿಸಿ, ಹುಳದ ಮನೆಯೊಳಗೆ ಹೋದರು.

ಪಕ್ಕದ ತೋಟದವರನ್ನು ದಿನಾ ಬಸ್‌ಸ್ಟಾಪಿನಲ್ಲಿ ನೋಡುತ್ತೇನೆ. ದ್ರಾಕ್ಷಿಗೆ ಔಷಧಿ ಹೊಡೆದದ್ದು ಯಾವತ್ತು ಎಂದು ಕೇಳಿದರೆ ಮುಗಿಯಿತು. ಕೇಳಿಲ್ಲ. ಅವರು ಹೊಡೆದೇ ಇಲ್ಲ ಅಂದರೆ, ಅತ್ತೆ ಯಾರನ್ನು ಉಳಿಸಿದರು ಎಂದು ಯೋಚಿಸಬೇಕಾಗುತ್ತದೆ. ಮರಿಯನ್ನೋ, ತಮ್ಮನ್ನೋ, ಹೇಳಬೇಕಾದ್ದನ್ನು ಹೇಳದ ನನ್ನನ್ನೋ?

ಕಳೆದ ವಾರ ಅತ್ತೆಯ ಎದುರು ಕೂತು ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಾಗ ಅವರನ್ನೇ ಕೇಳಿದೆ. ಅವರು ಬಿಡಿಸುತ್ತಲೇ ಇದ್ದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಆವತ್ತು ನಿಜವಾಗ್ಲೂ ಅಂಚಿನ ಸಾಲಿನ ಸೊಪ್ಪು ಕೊಯ್ದಿದ್ರಾ?"