ಹದಿನಾಲ್ಕು ಜಿಲೇಬಿ

ಬನಹಟ್ಟಿಯಲ್ಲಿ ಮೀನು ತಿನ್ನುವವರು ಸಾಕಷ್ಟಿದ್ದಾರೆ, ತಿನ್ನದವರು ಅದಕ್ಕಿಂತ ಹೆಚ್ಚಿದ್ದಾರೆ. ಈ ಇಬ್ಬರಿಗೂ ಒಟ್ಟಿಗೆ ಸಿಟ್ಟು ಬರಿಸುವ ವಿದ್ಯೆ ಬಲ್ಲವರು ಒಬ್ಬರೇ, ನಮ್ಮ ಓಣಿಯ ಗಿರಿಮಲ್ಲಪ್ಪ. ಎದೆಯ ಮೇಲೆ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆದುಕೊಂಡು ಬಾ ಎನ್ನುವ ಹೆಂಡತಿ. ಇಂಥ ಮನುಷ್ಯ ಹನ್ನೊಂದು ವರ್ಷದಿಂದ, ಅದೂ ಪ್ರತಿ ಸೋಮವಾರ, ಅನಗವಾಡಿಯ ಹಿನ್ನೀರಿಗೆ ಹೋಗಿ ಗಾಳ ಹಾಕುತ್ತಿದ್ದರು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಿದ್ದರು. ತಿನ್ನದವರಿಗೆ ಗೊತ್ತಾದರೆ ಹಿಡಿದದ್ದೇ ಪಾಪ. ತಿನ್ನುವವರಿಗೆ ಬಿಟ್ಟದ್ದು ಮಹಾಪಾಪ.

ನಾನು ತಿನ್ನುವವರ ಗುಂಪಿನವನು. ಹೆಸರು ಪಾಂಡಪ್ಪ, ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಮೂವತ್ತು ವರ್ಷ ಜನರನ್ನು ಬೈದು ಬೈದು ಮುಂದಕ್ಕೆ ಸರಿಸಿದ ಗಂಟಲು ನನ್ನದು. ಆದರೆ ಗಿರಿಮಲ್ಲಪ್ಪನವರ ಮುಂದೆ ಅದು ನಡೆಯಲಿಲ್ಲ. ಪ್ರತಿ ಸೋಮವಾರ ಅವರನ್ನು ನನ್ನ ಗಾಡಿಯ ಹಿಂದೆ ಕೂಡಿಸಿಕೊಂಡು ಜಮಖಂಡಿ, ಬೀಳಗಿ ದಾಟಿಸಿ ಹೊಳೆಗೆ ಮುಟ್ಟಿಸಿದವನು ನಾನು. ಮನೆಯಲ್ಲಿ ಅವರು ಹೇಳುತ್ತಿದ್ದದ್ದು ‘ಹೊಳಿ ಸ್ನಾನ’ ಎಂದು. ನನಗೆ ಸಿಕ್ಕ ಮೀನೆಷ್ಟು ಎಂದು ಕೇಳಬೇಡಿ, ಹೊಟ್ಟೆ ಉರಿಯುತ್ತದೆ.

ಅಲ್ಲಿ ಹಾಲಸಿದ್ದಪ್ಪನ ಹರಗೋಲು ಕಾದಿರುತ್ತಿತ್ತು. ಅಣೆಕಟ್ಟಿನ ನೀರು ಏರುವ ಮೊದಲು ಅದೇ ಜಾಗದಲ್ಲಿ ಕುರಿ ಮೇಯಿಸಿದವನು ಅವನು. ಯಾವ ಬೇವಿನ ಮರ ಎಲ್ಲಿ ಮುಳುಗಿದೆ ಎಂಬುದು ಅವನಿಗೆ ಬಾಯಿಪಾಠ. ಆಳದ ನೀರಿನಲ್ಲಿ ಮೀನು ಬಯಲಲ್ಲಿ ನಿಲ್ಲುವುದಿಲ್ಲ, ಮುಳುಗಿದ ಮರದ ಟೊಂಗೆಗಳ ಸುತ್ತ ಹಿಂಡುಗಟ್ಟಿ ನಿಲ್ಲುತ್ತದೆ. ಅಲ್ಲಿ ಹೆಚ್ಚಾಗಿ ಸಿಗುವುದು ಜಿಲೇಬಿ. ಅಂದರೆ ಅಂಗೈ ಅಗಲದ, ಬೆನ್ನ ಮೇಲೆ ಮುಳ್ಳಿರುವ ಮೀನು. ಆ ಹೆಸರಿಟ್ಟವನು ಯಾರೋ, ಭಾಳ ಹಸಿದಿದ್ದ ಅಂತ ಕಾಣುತ್ತದೆ.

ಗಿರಿಮಲ್ಲಪ್ಪನವರ ಸಾಮಾನು ನೋಡಿದರೆ ನಗು ಬರಬೇಕು. ಕೋಲಿಲ್ಲ, ಬೆಂಡಿಲ್ಲ. ಮಗ್ಗದ ಹಳೆಯ ಕಂಡಿಕೆಗೆ, ಅಂದರೆ ನೂಲಿನ ಕೊಳವೆಗೆ, ಸುತ್ತಿದ ನೈಲಾನಿನ ತಂಗೂಸಿ ದಾರ, ತುದಿಗೆ ಸೀಸದ ಗುಂಡು, ಅದರ ಮೇಲೆ ಒಂದೊಂದು ಗೇಣು ಬಿಟ್ಟು ಎರಡು ಸಣ್ಣ ಗಾಳ. ಆ ಗಾಳಗಳ ಒಳಮುಳ್ಳನ್ನು ಅರದಿಂದ ಉಜ್ಜಿ ತೆಗೆದಿದ್ದರು, ಮೀನಿನ ಬಾಯಿ ಹರಿಯಬಾರದೆಂದು. ಆಳ ಲೆಕ್ಕ ಹಿಡಿಯಲು ದಾರಕ್ಕೆ ಮಾರಿಗೊಂದು ಕೆಂಪು ನೂಲು ಕಟ್ಟಿದ್ದರು. ಎರೆಹುಳ ಮುಟ್ಟುವ ಶರಣರೇ ಇವರು? ಕಡ್ಲಿಹಿಟ್ಟು, ಗೋಧಿಹಿಟ್ಟು ಕಲಸಿ ಅದಕ್ಕೊಂದು ಚಿಟಿಕೆ ಇಂಗು. ತಾವಂತೂ ಶಾಕಾಹಾರಿ, ಮೀನಿಗೂ ಅದೇ ದೀಕ್ಷೆ.

ಗುಂಡನ್ನು ತಳ ಮುಟ್ಟಿಸಿ ಒಂದು ಮೊಳ ಎತ್ತಿ ಹಿಡಿಯುತ್ತಿದ್ದರು. ಏನೂ ಆಗದಿದ್ದರೆ ಇನ್ನೊಂದು ಮೊಳ ಎತ್ತಿ ಮತ್ತೆ ಕಾಯುತ್ತಿದ್ದರು. ಹಿಂಡು ನಿಂತ ಆಳ ಸಿಕ್ಕಿತೆಂದರೆ ಕೆಂಪು ನೂಲು ನೋಡಿ ಪ್ರತಿ ಸಲ ಅಷ್ಟೇ ಇಳಿಸುವುದು. ನಾನೂ ಒಮ್ಮೆ ಇನ್ನೊಂದು ದಾರ ಹಿಡಿದು ಕೂತೆ. ಅವರು ಒಂಬತ್ತು ಎತ್ತಿದರು, ನಾನು ಬರಿ ಹಿಟ್ಟು ಕಳೆದುಕೊಂಡೆ.

“ನೀ ಅದು ಜಗ್ಗತೈತಿ ಅಂತ ಕಾಯಾಕತ್ತಿ ಪಾಂಡ್ಯಾ,” ಎಂದರು. “ಆಳದಾಗಿನ ಜಿಲೇಬಿ ಜಗ್ಗಂಗಿಲ್ಲ. ಕೆಳಗಿಂದ ಬಂದು ಹಿಟ್ಟ ಬಾಯಾಗ ಹಾಕ್ಕೊಂಡು ಮ್ಯಾಲ ಏಳತೈತಿ. ಗುಂಡಿನ ಭಾರ ಹಗರ ಆಗಿ ಎಳಿ ಸಡ್ಲ ಆಕ್ಕೈತಿ. ಬೆರಳಿಗೆ ಗೊತ್ತಾಗಬೇಕು.”

ನನ್ನ ಬೆರಳಿಗೆ ಟಿಕೆಟ್ ಹರಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಅವರ ಬೆರಳಿಗೆ ಗೊತ್ತಿತ್ತು. ಮೂವತ್ತೈದು ವರ್ಷ ನೆಲದಲ್ಲಿ ತೋಡಿದ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಪಕ್ಕದಲ್ಲೇ ಹೆಂಡತಿ ರತ್ನಾಬಾಯಿ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದರು. ಮಾತು, ಜಗಳ, ಚಹಾ ಎಲ್ಲ ಆ ಎರಡು ಮೊಳ ಜಾಗದಲ್ಲೇ. ಹನ್ನೊಂದು ವರ್ಷದ ಹಿಂದೆ ಮಗ ಕುಣಿ ಮುಚ್ಚಿಸಿ ನಾಲ್ಕು ಪವರ್‌ಲೂಮ್ ಹಾಕಿದ. ಈಗ ಆ ಮನೆಯಲ್ಲಿ ಯಾರು ಏನಂದರೂ ಯಾರಿಗೂ ಕೇಳುವುದಿಲ್ಲ. ಒಮ್ಮೆ ಹರಗೋಲಿನಲ್ಲಿ ಅವರೇ ಹೇಳಿದರು, ಕೈ ಖಾಲಿ ಆದ ಮೇಲೆ ತಮಗೆ ಹುಚ್ಚು ಹಿಡಿದಂತಾಗಿತ್ತು ಎಂದು. ನಾನು ಆಗಲೂ ಅವರ ಕೈಯಲ್ಲಿ ಒದ್ದಾಡುವ ಮೀನಿನ ಕಡೆಗೇ ನೋಡುತ್ತಿದ್ದೆ.

ಕೆಟ್ಟ ಕೆಲಸ ಮಾಡಿದ್ದು ನನ್ನ ಈ ಬಾಯಿ. ಹೋದ ಶ್ರಾವಣಕ್ಕೆ ಮುಂಚೆ ಒಂದು ಸೋಮವಾರ ಹದಿನಾಲ್ಕು ಮೀನು ಬಿದ್ದವು, ಹದಿನಾಲ್ಕನ್ನೂ ಬಿಟ್ಟರು. ಒಂದೇ ಒಂದು ಕೊಡಿ ಎಂದು ಕಾಲು ಹಿಡಿಯುವುದೊಂದು ಬಾಕಿ ಇತ್ತು. ಉರಿಯುತ್ತ ಮನೆಗೆ ಬಂದವನಿಗೆ ಕಟ್ಟೆಯ ಮೇಲೆ ರತ್ನಾಬಾಯಿ ಸಿಕ್ಕರು.

“ಏನ್ ಪಾಂಡಪ್ಪಾ, ಮಾರಿ ಯಾಕ ಸಣ್ಣದಾಗೇತಿ?”

“ಏನ್ ಹೇಳಲಿ ವೈನಿ. ನಿಮ್ಮವರದು ಇವತ್ತ ಹದಿನಾಲ್ಕು ಜಿಲೇಬಿ ಆತು. ನನಗ ಒಂದ್ ಸುದ್ದಾ ಕೊಡ್ಲಿಲ್ಲ.”

ಹೇಳಿ ನಾನು ಒಳಗೆ ಹೋಗಿ ಮಲಗಿಬಿಟ್ಟೆ. ಆ ತಾಯಿಗೆ ಮೀನಿನ ಜಾತಿ ಎಲ್ಲಿ ಗೊತ್ತಿರಬೇಕು? ಅವರಿಗೆ ಗೊತ್ತಿದ್ದ ಜಿಲೇಬಿ ಒಂದೇ, ಸಕ್ಕರೆ ಪಾಕದ್ದು. ಗಿರಿಮಲ್ಲಪ್ಪನವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮರುದಿನ ಬೆಳಗ್ಗೆ ಗಂಡನಿಗೆ ಕಾರಣ ಹೇಳದೆ, ಚಹಾ ಸಹ ಕೊಡದೆ ಜಮಖಂಡಿಗೆ ಎಳೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಶುಗರ್ ಎಂದಿಗಿಂತ ಕಡಿಮೆ ಬಂತು. ಡಾಕ್ಟರು ಶಾಬಾಸ್ ಎಂದರಂತೆ.

ಸಂಜೆ ರತ್ನಾಬಾಯಿ ಆ ಕಾಗದ ಹಿಡಿದು ನಮ್ಮ ಮನೆಗೆ ಬಂದರು. “ಖರೆ ಹೇಳು ಪಾಂಡಪ್ಪಾ. ಹದಿನಾಲ್ಕು ಜಿಲೇಬಿ ತಿಂದಾವ್ಗ ಶುಗರ್ ಹೆಂಗ ಇಳಿತೈತಿ?”

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಪಟ್ಟನೆ ಬಂದದ್ದು ಖರೆ ಮಾತೇ: “ತಿಂದಿಲ್ಲರಿ ವೈನಿ, ಹಿಡದಾರ. ಅದು ನೀರಾಗಿನ ಜಿಲೇಬಿ.”

ಅವರ ಮುಖದ ಬಣ್ಣ ಇಳಿಯಿತು. ಕಾಗದ ಅಲ್ಲೇ ಬಿಟ್ಟು ಎದ್ದು ಹೋದರು. ಒಂದು ಮೀನಿನ ಆಸೆಗೆ ಒಬ್ಬರ ಸಂಸಾರ ಕೆಡಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಹೇಳಿಕೊಳ್ಳಲು ಕಷ್ಟ, ಆದರೂ ಆಯಿತು.

ಮನೆಯಲ್ಲಿ ತೀರ್ಪು ತಡವಾಗಲಿಲ್ಲ. “ಲಿಂಗಾ ಮುಟ್ಟಿ ಆಣಿ ಮಾಡ್ರಿ, ಇನ್ನ ಗಾಳ ಮುಟ್ಟಂಗಿಲ್ಲ ಅಂತ. ಇಲ್ಲಾಂದ್ರ ನೀವು ನನ್ನ ಅಡಗಿಮನಿ ಹೊಸ್ತಲಾ ದಾಟಬ್ಯಾಡ್ರಿ.” ಗಿರಿಮಲ್ಲಪ್ಪ ವಾದ ಮಾಡಲಿಲ್ಲ. ಒಂದೇ ಮಾತು ಕೇಳಿದರು: “ಮಾಡ್ತೇನಿ. ಒಮ್ಮಿ ಬಂದು ನೋಡು. ಆಮ್ಯಾಲ ಅಲ್ಲೇ ಹೊಳಿ ಮುಂದ ಆಣಿ ಮಾಡ್ತೇನಿ.” ಗಾಳ ಬಿಡುವುದೆಂದರೆ ಅವರಿಗೆ ಎರಡನೆಯ ಸಲ ಮಗ್ಗ ಬಿಟ್ಟಂತೆ.

ಮುಂದಿನ ಸೋಮವಾರ ಮೂವರೂ ಬಸ್ಸಿನಲ್ಲಿ ಹೋದೆವು. ರತ್ನಾಬಾಯಿ ಸೆರಗು ಬಿಗಿದುಕೊಂಡು, ಮೈಲಿಗೆ ತಾಗದಂತೆ ಹರಗೋಲಿನ ನಟ್ಟನಡುವೆ ಕೂತರು. ಹೊಳೆಯೆಲ್ಲ ಮೀನೇ ಇರುವಾಗ ಮೈಲಿಗೆ ಯಾವ ಕಡೆಯಿಂದ ಬರಬೇಕೋ ದೇವರಿಗೇ ಗೊತ್ತು. ಗಿರಿಮಲ್ಲಪ್ಪ ಬೇವಿನ ಮರದ ಮೇಲೆ ಗುಂಡು ಇಳಿಸಿ ಏಳನೆಯ ಕೆಂಪು ನೂಲಿಗೆ ನಿಲ್ಲಿಸಿದರು. “ಸ್ವಲ್ಪ ಇದನ್ನ ಹಿಡಿ, ಕನ್ನಡಕ ಒರಸ್ಕೋತೇನಿ,” ಎಂದು ದಾರ ಹೆಂಡತಿಯ ಕೈಗೆ ಕೊಟ್ಟರು.

ರತ್ನಾಬಾಯಿ ಹೇಸಿಗೆಯಿಂದಲೇ ಹಿಡಿದರು, ಎರಡೇ ಬೆರಳಲ್ಲಿ. ಆದರೆ ಆ ಎರಡು ಬೆರಳು ಯಾವುವು? ಮೂವತ್ತೈದು ವರ್ಷ ನೂಲು ಜಾರಿಸಿದವು. ನೀರು ಅಲುಗಲಿಲ್ಲ, ದಾರ ಜಗ್ಗಲಿಲ್ಲ, ನನಗಂತೂ ಏನೂ ಕಾಣಲಿಲ್ಲ. ಅವರು ತಲೆ ಸಹ ಎತ್ತದೆ, ರಾಟೆಯ ಪಕ್ಕದಿಂದ ಹೇಳುತ್ತಿದ್ದ ಹಾಗೆಯೇ ಹೇಳಿದರು:

“ಏನ್ರಿ, ಎಳಿ ಸಡ್ಲಾತು ನೋಡ್ರಿ.”

ಗಿರಿಮಲ್ಲಪ್ಪ ಕನ್ನಡಕ ಹಾಕುವುದನ್ನೇ ಮರೆತು ಹೆಂಡತಿಯನ್ನು ನೋಡಿದರು. ಈ ಮಾತು ಅವರ ಕಿವಿಗೆ ಬಿದ್ದು ಹನ್ನೊಂದು ವರ್ಷವಾಗಿತ್ತು. ಆಮೇಲೆ ದಾರ ಎತ್ತಿದರು. ಜಿಲೇಬಿ ಬಂತು. ಒದ್ದೆ ಕೈಯಲ್ಲಿ ಬಿಡಿಸಿ ನೀರಿಗೆ ಇಳಿಸಿದರು. ಅದು ಹೋದ ಕಡೆಗೆ ರತ್ನಾಬಾಯಿ ಬಹಳ ಹೊತ್ತು ನೋಡಿದರು, ಆಮೇಲೆ ತಮ್ಮ ಬೆರಳು ನೋಡಿಕೊಂಡರು.

ಕೊಟ್ಟ ಮಾತು ಮಾತೇ. ಗಿರಿಮಲ್ಲಪ್ಪ ಕಂಡಿಕೆ ಪಕ್ಕಕ್ಕಿಟ್ಟು ಕೈ ತೊಳೆದುಕೊಂಡು ಅಂಗಿಯೊಳಗಿಂದ ಲಿಂಗ ಹೊರತೆಗೆದರು. ನನಗೆ ನೋಡಲಾಗದೆ ದಂಡೆಯ ಕಡೆ ಮುಖ ತಿರುಗಿಸಿದೆ.

“ತಡೀರಿ,” ಎಂದರು ರತ್ನಾಬಾಯಿ. ಅವರ ಕಣ್ಣು ಹಿಟ್ಟಿನ ಡಬ್ಬಿಯ ಮೇಲಿತ್ತು. “ಇನ್ನೂ ಅರ್ಧ ಡಬ್ಬಿ ಹಿಟ್ಟ ಉಳದೈತಿ. ಇಂಗ ಹಾಕಿ ಕಲಸಿದ್ದು, ಕೆಡಸಬಾರದು. ಅದು ತೀರಲಿ. ಆಮ್ಯಾಲ ಆಣಿ ಮಾಡ್ರಿ.”

ಈಗ ಅವರಿಬ್ಬರೇ ಬಸ್ಸಿನಲ್ಲಿ ಹೋಗುತ್ತಾರೆ, ನನ್ನ ಗಾಡಿಯ ಹಂಗಿಲ್ಲ. ನನಗೆ ಇಂದಿಗೂ ಒಂದು ಮೀನು ಸಿಕ್ಕಿಲ್ಲ. ಆ ಆಣೆಯೂ ಇನ್ನೂ ಆಗಿಲ್ಲ, ಹಿಟ್ಟು ತೀರಬೇಕಲ್ಲ. ಪ್ರತಿ ಸೋಮವಾರ ನಸುಕಿನಲ್ಲೆದ್ದು ರತ್ನಾಬಾಯಿಯೇ ಅದನ್ನು ಕಲಸುತ್ತಾರೆ, ಡಬ್ಬಿಯೂ ಮೊದಲಿನದಕ್ಕಿಂತ ದೊಡ್ಡದು.